ಕೋಣೆ ಕಟ್ಟಿದವನ ಕಾಗದ: ಕಲ್ಯಾಣ ಕರ್ನಾಟಕದ ಸಾಲಿಗಳ ಬಗ್ಗೆ ಒಂದು ಬಹಿರಂಗ ಪತ್ರ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ, ಶಾಲಾ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಮತ್ತು ಬೀದರ್‌ನಿಂದ ವಿಜಯನಗರದವರೆಗಿನ ಏಳು ಜಿಲ್ಲೆಗಳ ತಂದೆ-ತಾಯಂದಿರಿಗೆ,

ಶರಣು.

ನಾನು ಕಲಬುರಗಿ ಜಿಲ್ಲೆಯ ಭೀಮಾ ಸೀಮೆಯ ಒಂದು ಊರಿನವನು. ಕಸುಬು ಗೌಂಡಿ ಕೆಲಸ. ಹತ್ತನೇ ಇಯತ್ತೆ ಪಾಸಾಗಿ, ಪಿಯುಸಿ ಅರ್ಧಕ್ಕೆ ಬಿಟ್ಟು, ಹನ್ನೊಂದು ವರ್ಷ ಪುಣೆಯಲ್ಲಿ ಬೇರೆಯವರ ಮನೆ ಕಟ್ಟಿ ಊರಿಗೆ ಮರಳಿದವನು. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ತಂದೆ-ತಾಯಂದಿರ ಶಾಲಾಭಿವೃದ್ಧಿ ಸಮಿತಿಗೆ, ಮೂರು ವರ್ಷ ಅಧ್ಯಕ್ಷನಾಗಿದ್ದೆ. ಅದಕ್ಕೂ ಮುಂಚೆ ಅದೇ ಸಾಲಿಯ ಎರಡು ಕೋಣೆಗಳಿಗೆ ಗುತ್ತಿಗೆದಾರರೊಬ್ಬರ ಕೈಕೆಳಗೆ ಗೋಡೆ ಎತ್ತಿದ್ದೂ ನಾನೇ. ಹಾಗಾಗಿ ಈ ಕಾಗದದಲ್ಲಿ ದೂರು ಹೇಳುವವನಿಗೆ ತಪ್ಪಿನಲ್ಲೂ ಪಾಲಿದೆ. ಊರಿನ ಹೆಸರು, ಕಚೇರಿಯ ಹೆಸರು, ಗುತ್ತಿಗೆದಾರರ ಹೆಸರು ಇಲ್ಲಿ ಬರೆಯುವುದಿಲ್ಲ. ಒಬ್ಬರ ಕಡೆ ಬೆರಳು ಮಾಡಿದರೆ ಉಳಿದವರೆಲ್ಲ ಕೈತೊಳೆದುಕೊಂಡು ಊಟಕ್ಕೆ ಕೂರುತ್ತಾರೆ.

ಆ ಎರಡು ಕೋಣೆಗಳ ಕತೆ ಮೊದಲು ಹೇಳುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವ ಸಂಗತಿ ಅದೊಂದೇ.

ಮಂಜೂರಾತಿ ಬಂದದ್ದು ದೀಪಾವಳಿ ಹೊತ್ತಿಗೆ. ಕ್ರಿಯಾಯೋಜನೆ, ಟೆಂಡರು, ಕಾರ್ಯಾದೇಶ ಎಂದು ಕಾಗದ ಓಡಾಡಿ ಮುಗಿಯುವಷ್ಟರಲ್ಲಿ ಸಂಕ್ರಾಂತಿ ದಾಟಿತು. ಜನವರಿ ಕೊನೆಗೆ ಜೆಸಿಬಿ ಬಂದು ತಗ್ಗು ತೋಡಿತು. ಮಾರ್ಚ್ 31ರೊಳಗೆ ಬಿಲ್ ಆಗಬೇಕು, ಇಲ್ಲವೆಂದರೆ ದುಡ್ಡು ವಾಪಸ್ ಹೋಗುತ್ತದೆ ಎಂದು ಎಲ್ಲರ ಬಾಯಲ್ಲೂ ಒಂದೇ ಮಾತು. ಎರಡು ತಿಂಗಳಲ್ಲಿ ಬುನಾದಿ, ಗೋಡೆ, ಸ್ಲ್ಯಾಬ್, ಗಿಲಾವು (ಪ್ಲಾಸ್ಟರು), ಬಣ್ಣ. ಮೊದಲನೇ ಕೋಣೆಯ ಸ್ಲ್ಯಾಬ್ ಹಾಕಿದ್ದು ಫೆಬ್ರುವರಿಯಲ್ಲಿ. ಎರಡನೆಯದು ಮಾರ್ಚ್ ಎರಡನೇ ವಾರ.

ನಮ್ಮ ಕಡೆ ಮಾರ್ಚ್ ಎಂದರೆ ಏನು ಎಂಬುದು ಬೆಂಗಳೂರಿನಲ್ಲಿ ಕೂತು ಆರ್ಥಿಕ ವರ್ಷ ಎಣಿಸುವವರಿಗೆ ಹೊಳೆಯಲಿಕ್ಕಿಲ್ಲ. ಬಿಸಿಲು ನಲವತ್ತರ ಹತ್ತಿರ ಬಂದಿರುತ್ತದೆ. ಬೋರ್‌ವೆಲ್ ಕೆಮ್ಮುತ್ತಿರುತ್ತದೆ. ಹಸಿ ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಈಗ ಬರುವ ಮಿಶ್ರ ಸಿಮೆಂಟಿಗೆ ಹತ್ತು ದಿನ, ನಮ್ಮ ಬಿಸಿಲಿಗೆ ಅದಕ್ಕೂ ಹೆಚ್ಚು ದಿನ ನೀರು ನಿಲ್ಲಿಸಬೇಕು, ಗೋಣಿಚೀಲ ಹಾಸಿ ಒದ್ದೆ ಮಾಡುತ್ತಿರಬೇಕು. ಇದು ಯಾವ ಗೌಂಡಿಗೂ ಗೊತ್ತಿರುವ ಮಾತು. ಆದರೆ ಕುಡಿಯುವ ನೀರಿಗೇ ಹೆಣ್ಣುಮಕ್ಕಳು ಕೊಡ ಹೊತ್ತು ಸಾಲು ನಿಂತಿರುವಾಗ ಸಾಲಿಯ ಮಾಳಿಗೆಗೆ ನೀರು ಬಿಡು ಎಂದರೆ ಯಾರು ಬಿಟ್ಟಾರು? ಮೊದಲನೇ ಸ್ಲ್ಯಾಬಿಗೆ ನೀರು ಸಿಕ್ಕಿತು. ಎರಡನೆಯದಕ್ಕೆ ನಾಲ್ಕು ದಿನ ಟ್ಯಾಂಕರ್ ಬಂತು, ಐದನೇ ದಿನ ಬರಲಿಲ್ಲ. ನಾನು ಗುತ್ತಿಗೆದಾರರಿಗೆ ಹೇಳಿದೆ, ಅವರು ಮಾರ್ಚ್ ಎಂಡ್ ಅಂದರು. ನಾನು ಕೂಲಿ ಇಸಕೊಂಡು ಮನೆಗೆ ಬಂದೆ. ಆ ದಿನ ಸುಮ್ಮನಾದದ್ದು ನನ್ನ ತಪ್ಪು.

ಇನ್ನು ನೆಲ. ನಮ್ಮದು ಎರಿ ಭೂಮಿ, ಅಂದರೆ ಕರಿ ಮಣ್ಣು. ತೊಗರಿಗೆ ಬಂಗಾರ, ಗೋಡೆಗೆ ವೈರಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಏಪ್ರಿಲ್‌ನಲ್ಲಿ ಹೊಲಕ್ಕೆ ಹೋದರೆ ಬಿರುಕಿನೊಳಗೆ ಮೊಣಕೈವರೆಗೆ ಕೈ ಹೋಗುತ್ತದೆ. ಅಂಥ ನೆಲದ ಮೇಲೆ ಕೂತ ಬುನಾದಿ ವರ್ಷಕ್ಕೊಮ್ಮೆ ಏಳುತ್ತದೆ, ಒಮ್ಮೆ ಕೂರುತ್ತದೆ. ಅದಕ್ಕೇ ನಮ್ಮ ಹಿರಿಯರು ಎರಿ ತೆಗೆದು ಗಟ್ಟಿ ಗರಸು (ಜಲ್ಲಿಮಣ್ಣು) ಸಿಗುವವರೆಗೆ ತೋಡುತ್ತಿದ್ದರು. ಈಗ ಗರಸು ತುಂಬಿ ದಮ್ಮಸ್ಸು ಮಾಡುವುದು, ಪ್ಲಿಂತ್ ಬೀಮ್ ಹಾಕುವುದು, ಗೋಡೆಯ ಸುತ್ತ ನೀರು ನಿಲ್ಲದಂತೆ ಫರ್ಸಿ ಕಲ್ಲು ಹಾಸುವುದು, ತೀರಾ ಆಳದ ಎರಿ ಇದ್ದರೆ ತಳದಲ್ಲಿ ಅಗಲವಾಗುವ ಪೈಲು ಇಳಿಸುವುದು, ಹೀಗೆ ದಾರಿಗಳು ಬಹಳ ಇವೆ. ಇದ್ಯಾವುದೂ ಹೊಸ ವಿದ್ಯೆಯಲ್ಲ, ಎಂಜಿನಿಯರ್‌ಗಳ ಪುಸ್ತಕದಲ್ಲೇ ಇದೆ. ಆದರೆ ನಮ್ಮ ಸಾಲಿಗೆ ಬಂದ ನಕ್ಷೆ ಕೆಂಪು ಮಣ್ಣಿನ ಊರಿಗೂ ಅದೇ, ಎರಿ ಮಣ್ಣಿನ ಊರಿಗೂ ಅದೇ. ತಗ್ಗು ಎಷ್ಟು ಎಂದು ಕಾಗದದಲ್ಲಿತ್ತೋ ಅಷ್ಟೇ ತೋಡಿದೆವು. ಕೆಳಗೆ ಇನ್ನೂ ಕರಿ ಮಣ್ಣೇ ಕಾಣುತ್ತಿತ್ತು. ಫರ್ಸಿ ಹಾಸಲು ಎಸ್ಟಿಮೇಟಿನಲ್ಲಿ ದುಡ್ಡಿರಲಿಲ್ಲ. ಶಹಾಬಾದಿ ಕಲ್ಲು ಇಡೀ ದೇಶಕ್ಕೆ ಹೋಗುವ ಜಿಲ್ಲೆಯಲ್ಲಿ ನಮ್ಮ ಸಾಲಿಯ ಗೋಡೆ ಬುಡಕ್ಕೆ ನಾಲ್ಕು ಫರ್ಸಿ ಸಿಗಲಿಲ್ಲ ನೋಡಿ!

ಮೊದಲನೇ ಕೋಣೆ ಈಗಲೂ ನಿಂತಿದೆ, ಕಿಟಕಿ ಮೂಲೆಯಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟರೆ. ಎರಡನೆಯದರಲ್ಲಿ ಮೂರನೇ ಮಳೆಗಾಲಕ್ಕೆ ಸೋರಿಕೆ ಶುರುವಾಯಿತು. 2025ರ ಸೆಪ್ಟೆಂಬರಿನಲ್ಲಿ ಮೇಲೆ ಮಹಾರಾಷ್ಟ್ರದಿಂದ ನೀರು ಬಿಟ್ಟು, ಇಲ್ಲಿ ಮಳೆ ಹೊಡೆದು, ಭೀಮಾ ದಂಡೆಯ ಊರುಗಳು ಮುಳುಗಿದವಲ್ಲ, ಆ ವಾರ ಮಾಳಿಗೆಯ ಗಿಲಾವು ಹಲಗೆ ಗಾತ್ರದಷ್ಟು ಕಳಚಿ ಬಿತ್ತು. ಸಾಲಿಗೆ ರಜೆ ಕೊಟ್ಟಿದ್ದರು. ಆ ಕೆಳಗೆ ದಿನಾ ಐದನೇ ಇಯತ್ತೆಯ ಹುಡುಗರು ಕೂರುತ್ತಿದ್ದರು.

ಇದರಲ್ಲಿ ಬೇವಿನ ಮರದ ಪಾಲೂ ಇದೆ. ಸಾಲಿ ಅಂಗಳದ ಬೇವಿನ ಎಲೆ ಮಾಳಿಗೆ ಮೇಲೆ ಬಿದ್ದು, ನೀರು ಹೋಗುವ ಕೊಳವೆ ಕಟ್ಟಿ, ಮಳೆನೀರು ಅಲ್ಲೇ ನಿಲ್ಲುತ್ತಿತ್ತು. ಮೇ ಕೊನೆಗೆ ಒಬ್ಬ ಆಳು ಏಣಿ ಹಾಕಿ ಹತ್ತಿ ಅರ್ಧ ದಿನ ಗುಡಿಸಿದರೆ ಮುಗಿಯುವ ಕೆಲಸ. ಆ ಅರ್ಧ ದಿನದ ಕೂಲಿ ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ ಎಂದು ನಾನು ಅಧ್ಯಕ್ಷನಾಗಿದ್ದ ಮೂರು ವರ್ಷವೂ ಕೇಳಿದೆ. ಸಿಕ್ಕ ಉತ್ತರ: ಶಾಲಾ ಅನುದಾನದಲ್ಲಿ ನೋಡಿಕೊಳ್ಳಿ.

ಆ ಅನುದಾನದ ಲೆಕ್ಕ ತಂದೆ-ತಾಯಂದಿರಿಗೆ ಗೊತ್ತಿರಲಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆ ನೋಡಿ ವರ್ಷಕ್ಕೊಂದು ಸಂಯುಕ್ತ ಅನುದಾನ ಕೊಡುತ್ತಾರೆ. 30 ಮಕ್ಕಳವರೆಗಿನ ಸಾಲಿಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ. ನಮ್ಮಲ್ಲಿ 140 ಮಕ್ಕಳು. ಅಂದರೆ 50,000. ದಿನಕ್ಕೆ 137 ರೂಪಾಯಿ. ಅದರಲ್ಲಿ ಹತ್ತರಲ್ಲೊಂದು ಪಾಲಾದರೂ ಸ್ವಚ್ಛತೆಗೆ ಇಡಬೇಕು. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಮುರಿದ ನಲ್ಲಿ, ಸುಟ್ಟ ಬಲ್ಬು, ಆಗಸ್ಟ್ ಹದಿನೈದರ ಚಾಕಲೇಟು. ಅದೂ ಕಂತಿನಲ್ಲಿ ಬರುತ್ತದೆ, ಬರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಲಕ್ಷಗಟ್ಟಲೆ ಸುರಿದು ಕಟ್ಟಿದ ಕೋಣೆಯನ್ನು ದಿನಕ್ಕೆ 137 ರೂಪಾಯಿಯಲ್ಲಿ ಸಾಕಿರಿ ಎಂದರೆ, ಎಮ್ಮೆ ಕೊಡಿಸಿ ಕಣಿಕೆಗೆ ದುಡ್ಡು ಕೊಡದೆ ಹಾಲು ಕೇಳಿದಂತಾಯಿತು.

ದುಡ್ಡೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಈ ಭಾಗಕ್ಕೆ ದುಡ್ಡು ಬಂದಿದೆ, ಅದನ್ನು ಒಪ್ಪಿಕೊಳ್ಳದಿದ್ದರೆ ಕೃತಘ್ನನಾದೇನು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತಿ ಹಿಂದುಳಿದ ತಾಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ಆಗಿನ ಗುಲಬರ್ಗಾ ವಿಭಾಗದವೇ ಆಗಿದ್ದವು. ಆಮೇಲೆ ಹತ್ತು ವರ್ಷ ಕೂಗಾಡಿದ ಮೇಲೆ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು. ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂದು ಹೆಸರೂ ಬದಲಾಯಿತು. 2022-23ರ ಬಜೆಟ್ಟಿನಲ್ಲಿ ಮಂಡಳಿಗೆ 3,000 ಕೋಟಿ ಅಂದರು, 2023-24ರಿಂದ ವರ್ಷಕ್ಕೆ 5,000 ಕೋಟಿ ಅನ್ನುತ್ತಿದ್ದಾರೆ. ‘ಅಕ್ಷರ ಆವಿಷ್ಕಾರ’ ಎಂದು ಸಾಲಿಗಳಿಗಾಗಿಯೇ ಪಾಲು ತೆಗೆದಿಟ್ಟಿದ್ದೀರಿ. ಇತ್ತ ಸರ್ಕಾರ 2022ರ ಮಕ್ಕಳ ದಿನಾಚರಣೆಗೆ ರಾಜ್ಯದಾದ್ಯಂತ ಏಳೂವರೆ ಸಾವಿರಕ್ಕೂ ಹೆಚ್ಚು ‘ವಿವೇಕ’ ಕೊಠಡಿಗಳಿಗೆ ಚಾಲನೆ ಕೊಟ್ಟಿತು. ಆಗ ಇಡೀ ರಾಜ್ಯ ಎರಡು ವಾರ ಆ ಕೋಣೆಗಳಿಗೆ ಕೇಸರಿ ಬಣ್ಣ ಹಚ್ಚಬೇಕೋ ಬೇಡವೋ ಎಂದು ಜಗಳ ಆಡಿತು. ಟಿವಿಯಲ್ಲಿ ಎರಡೂ ಕಡೆಯವರ ಮಾತು ಕೇಳಿದೆ. ಬಣ್ಣದ ಒಳಗಿನ ಗಿಲಾವು ಎಷ್ಟು ದಪ್ಪ ಎಂದು ಒಬ್ಬರೂ ಕೇಳಲಿಲ್ಲ. ಗೌಂಡಿಯ ಕಿವಿಗೆ ಅದು ವಿಚಿತ್ರ ಅನ್ನಿಸಿತು.

ಈಗ ಫಲಿತಾಂಶದ ಮಾತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ 91.12 ಶೇಕಡಾ ತೆಗೆದು ಮೊದಲು ಬಂತು. ಕಲಬುರಗಿ 42.43 ತೆಗೆದು ಕಟ್ಟಕಡೆಗೆ. ಅದರ ಹಿಂದಿನ ವರ್ಷ ಯಾದಗಿರಿ 50.59ರೊಂದಿಗೆ ಕೊನೆಯಲ್ಲಿತ್ತು. ಅಂದರೆ ಕೊನೆಯ ಮಣೆ ನಮ್ಮ ನಮ್ಮಲ್ಲೇ ಕೈ ಬದಲಾಗುತ್ತಿದೆ. ಆ ದಿನ ಸುದ್ದಿಯಲ್ಲಿ ನಮ್ಮ ಜಿಲ್ಲೆಯ ಹೆಸರು ಬಂದಾಗ ಚಹಾ ಅಂಗಡಿಯಲ್ಲಿ ಒಬ್ಬರು, “ಇಷ್ಟು ಕೋಟಿ ಸುರದ್ರೂ ಈ ಹುಡುಗ್ರು ಸುಧಾರಿಸಂಗಿಲ್ಲ ಬಿಡ್ರಿ” ಅಂದರು. ನನ್ನ ತಂಗಿಯ ಮಗ ನನ್ನ ಪಕ್ಕದಲ್ಲೇ ಕೂತಿದ್ದ. ಗಣಿತದಲ್ಲಿ ಫೇಲಾಗಿದ್ದ. ಕಪ್ಪು ಕೆಳಗಿಟ್ಟು ಎದ್ದು ಹೋದ.

ಆ ಹುಡುಗನ ಲೆಕ್ಕ ನನ್ನ ಬಳಿ ಇದೆ. ಅವನು ಆರನೇ ಇಯತ್ತೆಗೆ ಬಂದಾಗ ನಮ್ಮ ಸಾಲಿಯಲ್ಲಿ ಗಣಿತ-ವಿಜ್ಞಾನದ ಪದವೀಧರ ಶಿಕ್ಷಕರ ಹುದ್ದೆ ಖಾಲಿ. ಏಳಕ್ಕೆ ಬಂದಾಗಲೂ ಖಾಲಿ. ಕನ್ನಡದ ಮೇಡಂ ತಮ್ಮ ಪಾಠ ಮುಗಿಸಿ ಇವರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು, ಪುಣ್ಯಾತ್ಗಿತ್ತಿ. ಎಂಟಕ್ಕೆ ಬಂದಾಗ ಒಬ್ಬ ಅತಿಥಿ ಶಿಕ್ಷಕಿ ಸಿಕ್ಕರು, ಸಾಲಿ ಶುರುವಾಗಿ ಎರಡು ತಿಂಗಳು ಕಳೆದ ಮೇಲೆ. 2022ರಲ್ಲಿ ಸರ್ಕಾರ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ನಮ್ಮ ಭಾಗಕ್ಕೇ ಎಂದು ಕೇಳಿ ಊರಲ್ಲಿ ಸಿಹಿ ಹಂಚಲಿಲ್ಲ ಅಷ್ಟೇ. ಪರೀಕ್ಷೆ ಆಯಿತು, ಪಟ್ಟಿ ಬಂತು, ಪಟ್ಟಿ ಕೋರ್ಟಿಗೆ ಹೋಯಿತು. ಆದೇಶ ಕೈಗೆ ಸಿಗುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. ಇತ್ತ ಹುಡುಗ ಹೈಸ್ಕೂಲು ಸೇರಿ ಬೀಜಗಣಿತದ ಮುಂದೆ ಕಣ್ಣು ಕಣ್ಣು ಬಿಡುತ್ತಿದ್ದ. ಅಲ್ಲಿನ ಗಣಿತದ ಸರ್ ಒಳ್ಳೆಯವರೇ. ಆದರೆ ಆರು, ಏಳು, ಎಂಟು ಮೂರೂ ವರ್ಷದ್ದನ್ನು ಅವರು ಎಲ್ಲಿಂದ ತುಂಬಿಸಿಯಾರು? ಇಲ್ಲಿ ಬುನಾದಿಯ ಮಾತು ಎತ್ತುವುದಿಲ್ಲ, ಗೌಂಡಿ ಇನ್ನೇನು ಹೇಳಿಯಾನು ಎಂದು ನಗುತ್ತೀರಿ.

ಆ ಅತಿಥಿ ಶಿಕ್ಷಕಿಯ ಬಗ್ಗೆ ಒಂದು ಮಾತು. ಬಿ.ಎಸ್ಸಿ., ಬಿ.ಇಡಿ. ಮಾಡಿದ ಪಕ್ಕದೂರಿನ ಹೆಣ್ಣುಮಗಳು. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 10,000 ಇತ್ತು, 2025-26ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿ 12,000 ಮಾಡಿದರು. ಹೈಸ್ಕೂಲಿನವರಿಗೆ 12,500. ಏರಿಸಿದ್ದಕ್ಕೆ ಸಂತೋಷ. ತಿಂಗಳಿಗೆ 26 ದಿನ ಹಿಡಿದರೆ ದಿನಕ್ಕೆ 460 ಚಿಲ್ಲರೆ. ನನ್ನ ಕೈಯಾಳಿಗೆ, ಅಂದರೆ ನನಗೆ ಸಿಮೆಂಟು ಕಲಸಿ ಕೊಡುವ ಹುಡುಗನಿಗೆ, ನಾನು ಐನೂರು ಕೊಡುತ್ತೇನೆ. ಅವನಿಗೆ ಬೇಸಿಗೆ ರಜೆಯಲ್ಲೂ ಕೂಲಿ ಉಂಟು, ಆಕೆಗೆ ಇಲ್ಲ. ಆಕೆಯ ಗೌರವಧನ ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು, ಕೈಯಾಳಿಗೆ ಶನಿವಾರದ ಸಂಜೆ ದುಡ್ಡು ಕೊಡದಿದ್ದರೆ ಸೋಮವಾರ ಬರುವುದೇ ಇಲ್ಲ. ಆಕೆ ಮಾತ್ರ ಬಂದರು.

ಆಕೆ ಬಂದ ವರ್ಷ ನಮ್ಮ ಸಾಲಿಯ ಎಂಟನೇ ಇಯತ್ತೆಯ ಇಬ್ಬರು ಮಕ್ಕಳು ಎನ್‌ಎಂಎಂಎಸ್ ಪರೀಕ್ಷೆ ಪಾಸು ಮಾಡಿದರು. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಅದು, ಒಂಬತ್ತನೇ ಇಯತ್ತೆಯಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಸಾಲಿ ಹುಟ್ಟಿದಾಗಿನಿಂದ ಆ ಪರೀಕ್ಷೆಯ ಹೆಸರನ್ನೇ ಕೇಳದ ಊರು ನಮ್ಮದು. ಸಂಜೆ ಐದರಿಂದ ಆರೂವರೆವರೆಗೆ, ಸೋರುವ ಕೋಣೆ ಬಿಟ್ಟು ಮೊದಲನೇ ಕೋಣೆಯಲ್ಲಿ, ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಆಕೆ ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ನಾನು ಕೆಲಸ ಮುಗಿಸಿ ಬರುವಾಗ ಕಿಟಕಿಯಲ್ಲಿ ನಿಂತು ಕೇಳಿದ್ದೇನೆ. ಅನುಪಾತ ಹೇಳಿಕೊಡುವಾಗ ಒಮ್ಮೆ ನನ್ನನ್ನೇ ಒಳಗೆ ಕರೆದು, “ಒಂದಕ್ಕ ನಾಕು ಮಾಲು ಅಂದ್ರ ಏನ್ರಿ ಅಣ್ಣ, ಇವ್ರಿಗಿ ಹೇಳ್ರಿ” ಅಂದರು. ಒಂದು ಪುಟ್ಟಿ ಸಿಮೆಂಟಿಗೆ ನಾಲ್ಕು ಪುಟ್ಟಿ ಮರಳು ಎಂದು ಹೇಳಿದೆ. ಆರು ಪುಟ್ಟಿ ಹಾಕಿದರೆ ಏನಾಗುತ್ತದೆ ಎಂದು ಒಬ್ಬ ಹುಡುಗಿ ಕೇಳಿದಳು. ಆ ಪ್ರಶ್ನೆ ಕೇಳಬೇಕಾದವರು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಮುಂದಿನ ವರ್ಷ ಆಕೆ ಖಾಸಗಿ ಸಾಲಿಗೆ ಹೋದರು. ಯಾರೂ ತಪ್ಪು ಹೇಳುವಂತಿಲ್ಲ.

ಶೇಕಡಾವಾರು ನೋಡಿ ನಮ್ಮನ್ನು ಬಯ್ಯುವವರಿಗೆ ಇನ್ನೆರಡು ಸಂಗತಿ ತಿಳಿಸಬೇಕು. 2023ರಲ್ಲಿ ರಾಜ್ಯದ ಫಲಿತಾಂಶ 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿದ ಮೇಲೂ 73.40ಕ್ಕೆ ಇಳಿಯಿತು. 2025ರಲ್ಲಿ ಆ ಏರಿಸಿದ ಕೃಪಾಂಕವೂ ಹೋಯಿತು, 66.14 ಆಯಿತು. ಹಾಗಿದ್ದರೆ 2023ರ ಹುಡುಗರು ಜಾಣರು, 2025ರವರು ದಡ್ಡರೇ? ಬಿರುಕಿನ ಮೇಲೆ ಸುಣ್ಣ ಬಳಿದಿದ್ದರು, ಸುಣ್ಣ ತೊಳೆದುಹೋಯಿತು. ಕ್ಯಾಮೆರಾ ಇಟ್ಟಿದ್ದು ಒಳ್ಳೆಯದೇ ಆಯಿತು, ಅದನ್ನು ತೆಗೆಯಿರಿ ಎಂದು ನಾನು ಕೇಳುವುದಿಲ್ಲ. ಬಿರುಕು ಕಾಣಿಸಿದ ಮೇಲೆ ಗೋಡೆಯನ್ನು ಬಯ್ಯಬೇಡಿ ಎಂದಷ್ಟೇ ಕೇಳುತ್ತೇನೆ.

ಇನ್ನೊಂದು, ನಮ್ಮ ಜಾಣ ಮಕ್ಕಳು ಎಲ್ಲಿದ್ದಾರೆ ಎಂಬ ಪ್ರಶ್ನೆ. ಐದನೇ ಇಯತ್ತೆ ಮುಗಿದ ಕೂಡಲೇ ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ, ಆದರ್ಶ ವಿದ್ಯಾಲಯಕ್ಕೆ ಹೋಗುತ್ತಾರೆ. ಹೋಗಲಿ, ಅವರಿಂದಲೇ ಬಡವರ ಮನೆಗೆ ದೀಪ. 2024ರಲ್ಲಿ ರಾಜ್ಯಕ್ಕೇ ಮೊದಲಿಗಳಾಗಿ 625ಕ್ಕೆ 625 ತೆಗೆದವಳು ಮುಧೋಳ ತಾಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ವಸತಿ ಶಾಲೆಯ ಹುಡುಗಿ, ರೈತನ ಮಗಳು. ಅಲ್ಲಿ ಊಟ, ಮಂಚ, ಮಾಸ್ತರು, ರಾತ್ರಿ ಓದಿಗೆ ಬೆಳಕು ಎಲ್ಲ ಒಂದೇ ಆವರಣದಲ್ಲಿ ಇರುತ್ತವೆ. ಅದೇ ಪುಸ್ತಕ ಓದುವ ನಮ್ಮೂರ ಹುಡುಗ ಡಿಸೆಂಬರಿನಲ್ಲಿ ತೊಗರಿ ಕೊಯ್ಲಿಗೆ ಹೋಗುತ್ತಾನೆ, ಆಮೇಲೆ ಅವನ ಅಪ್ಪ-ಅವ್ವ ದುಡಿಯಲು ಮುಂಬೈಗೋ ಹೈದರಾಬಾದಿಗೋ ಹೊರಟರೆ ತಮ್ಮನನ್ನು ಎತ್ತಿಕೊಂಡು ಅವನೂ ಹೊರಡುತ್ತಾನೆ. ನಾನು ಪುಣೆಯಲ್ಲಿದ್ದಾಗ ಕಟ್ಟಡದ ಕೆಳಗಿನ ತಗಡಿನ ಶೆಡ್ಡಿನಲ್ಲಿ ನಮ್ಮ ಸೀಮೆಯ ಎಷ್ಟು ಮಕ್ಕಳನ್ನು ನೋಡಿದ್ದೇನೋ ಲೆಕ್ಕವಿಲ್ಲ. ಅವರ ಹೆಸರು ಇಲ್ಲಿನ ಹಾಜರಿ ಪುಸ್ತಕದಲ್ಲೂ ಇರುತ್ತಿತ್ತು.

ಹೆಣ್ಣುಮಕ್ಕಳ ಮಾತು ಬೇರೆ. 2025ರಲ್ಲಿ ಇಡೀ ರಾಜ್ಯದಲ್ಲಿ ಗಂಡುಹುಡುಗರು 58 ಶೇಕಡಾ ಪಾಸಾದರೆ ಹುಡುಗಿಯರು 74. ಎಲ್ಲ ಅಡ್ಡಿ ದಾಟಿ ಪರೀಕ್ಷೆವರೆಗೆ ಬಂದ ಹುಡುಗಿ ಫೇಲಾಗಲು ಒಪ್ಪುವುದಿಲ್ಲ. ಅಡ್ಡಿ ಯಾವುದು ಎಂದು ನನ್ನ ಮಗಳನ್ನು ಕೇಳಿದೆ. ಹೈಸ್ಕೂಲು ಆರು ಕಿಲೋಮೀಟರು. ಎಂಟನೇ ಇಯತ್ತೆಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ಲು ಕೊರೊನಾ ಕಾಲದಿಂದ ನಿಂತಿದೆ. ‘ಶಕ್ತಿ’ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ಬಸ್ಸು ಬಂದರೆ. ಶೌಚಾಲಯ ಹೊಸದು, ನೀರಿಲ್ಲ, ಕೀಲಿ ಹಾಕಿದೆ. ಇಷ್ಟು ಹೇಳಿ ಆಕೆ, “ಅಪ್ಪಾ, ನಾ ಮನ್ಯಾಗಿಂದ ನೀರ ಕುಡೀದೆ ಹೋಗ್ತೀನಿ” ಅಂದಳು. ನಾನು ಆಮೇಲೆ ಏನೂ ಕೇಳಲಿಲ್ಲ.

ಮಂಡಳಿಯವರೇ, ಈ ಭಾಗದಲ್ಲಿ ಚೆನ್ನಾಗಿ ನಡೆದ ಕೆಲಸವೊಂದನ್ನು ನೆನಪಿಸುತ್ತೇನೆ. ಬಿಸಿಯೂಟ. 2002ರ ಜೂನ್‌ನಲ್ಲಿ ರಾಜ್ಯದಲ್ಲಿ ಅದು ಶುರುವಾದದ್ದು ನಮ್ಮ ಜಿಲ್ಲೆಗಳನ್ನೂ ವಿಜಯಪುರ, ಬಾಗಲಕೋಟೆಯನ್ನೂ ಸೇರಿಸಿ ಏಳು ಜಿಲ್ಲೆಗಳಲ್ಲಿ, ಉಳಿದವರಿಗೆ ಆಮೇಲೆ. ಇಪ್ಪತ್ತು ವರ್ಷ ಮೀರಿದರೂ ಒಲೆ ಆರಿಲ್ಲ. ಯಾಕೆ? ಅಕ್ಕಿ, ಬೇಳೆ, ಗ್ಯಾಸು, ಅಡುಗೆಯವರ ಸಂಭಾವನೆ ಎಲ್ಲವನ್ನೂ ದಿನಕ್ಕಿಷ್ಟು, ತಲೆಗಿಷ್ಟು ಎಂದು ಎಣಿಸಿ ಕೊಡುತ್ತೀರಿ. ಕಡಿಮೆ ಬಿದ್ದರೆ ಅಡುಗೆಯವರು ಬೀದಿಗೆ ಬರುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ಒಮ್ಮೆ ಅನ್ನ ಮಾಡಿ ಹಾಕಿದ್ದೇವೆ, ಹತ್ತು ವರ್ಷ ಅದನ್ನೇ ಉಣ್ಣಿ ಎಂದು ಯಾರೂ ಹೇಳಿಲ್ಲ. ಕೋಣೆಗೆ ಮಾತ್ರ ಹಾಗೆ ಹೇಳುತ್ತೀರಿ. ಉದ್ಘಾಟನೆಯ ಫಲಕ ಹಾಕಿದ ದಿನವೇ ಆ ಕೋಣೆ ನಿಮ್ಮ ಪುಸ್ತಕದಲ್ಲಿ ಮುಗಿದ ಕೆಲಸ. ನಮ್ಮ ಪುಸ್ತಕದಲ್ಲಿ ಅದು ಅಂದು ಹುಟ್ಟಿದ ಕೂಸು.

ಹಾಗಾಗಿ ಹೊಸ ಕೋಣೆ ಬೇಡ ಎನ್ನದೆ, ಒಂದು ಪದ್ಧತಿ ಬದಲಿಸಿ ಎಂದು ಕೇಳುತ್ತಿದ್ದೇನೆ. ನೂರು ರೂಪಾಯಿಯ ಕೋಣೆ ಕೊಟ್ಟರೆ ಅದರ ಹಿಂದೆ ವರ್ಷವರ್ಷ ಎರಡು ರೂಪಾಯಿ ಆ ಸಾಲಿಯ ಎಸ್‌ಡಿಎಂಸಿ ಖಾತೆಗೆ ಏಪ್ರಿಲ್‌ನಲ್ಲೇ ಬರಲಿ, ಮಾಳಿಗೆ ಗುಡಿಸಲು, ಬಿರುಕು ತುಂಬಲು, ನಲ್ಲಿ ಹಾಕಲು ಎಂದೇ ಬರಲಿ. ದುಡ್ಡು ಸಾಲದು ಎಂದರೆ ಹತ್ತು ಕೋಣೆಯ ಬದಲು ಒಂಬತ್ತು ಕಟ್ಟಿ. ಒಂಬತ್ತು ನಿಲ್ಲುತ್ತವೆ. ಕಾರ್ಯಾದೇಶ ದಸರಾದೊಳಗೆ ಕೊಡಿ, ಸಂಕ್ರಾಂತಿಗೆ ಸ್ಲ್ಯಾಬ್ ಬೀಳಲಿ. ಆಗ ಬಾವಿಯಲ್ಲಿ ನೀರಿರುತ್ತದೆ, ಬಿಸಿಲೂ ಮೆತ್ತಗಿರುತ್ತದೆ. ಎಸ್ಟಿಮೇಟ್ ಬರೆಯುವ ಮುನ್ನ ಒಬ್ಬರು ಬಂದು ಮೂರು ತಗ್ಗು ತೋಡಿ ಮಣ್ಣು ನೋಡಿ ಹೋಗಲಿ, ನಾನು ಪುಕ್ಕಟೆ ತೋಡಿ ಕೊಡುತ್ತೇನೆ. ಕೋಣೆ ಮಂಜೂರು ಮಾಡುವ ಸಭೆಯಲ್ಲೇ ಆ ಸಾಲಿಯ ಗಣಿತದ ಕುರ್ಚಿ ಖಾಲಿಯೋ ತುಂಬಿದೆಯೋ ಎಂದು ಕೇಳಿ. ಖಾಲಿ ಇದ್ದರೆ ಖಾಯಂ ಶಿಕ್ಷಕರು ಬರುವವರೆಗೆ ಜೂನ್ ಮೊದಲ ದಿನದಿಂದ ಅತಿಥಿ ಶಿಕ್ಷಕರಿರಲಿ. ಅವರಿಗೆ ನನ್ನ ಕೈಯಾಳಿಗಿಂತ ಹೆಚ್ಚು ಸಿಗಲಿ, ಕೈಯಾಳಿನ ಹಾಗೆ ಹೊತ್ತಿಗೆ ಸರಿಯಾಗಿ ಸಿಗಲಿ. ಮಂಡಳಿಯ ದುಡ್ಡನ್ನು ಸಂಬಳಕ್ಕೆ ಬಳಸಲು ನಿಯಮ ಅಡ್ಡ ಬರುತ್ತದೆ ಎನ್ನುವುದಾದರೆ ನಿಯಮ ತಿದ್ದುವವರು ನೀವೇ ತಾನೆ? 371(ಜೆ) ಗೋಡೆಗಷ್ಟೇ ಬಂದದ್ದಲ್ಲವಲ್ಲ.

ತಂದೆ-ತಾಯಂದಿರಿಗೂ ಒಂದು ಮಾತಿದೆ. ನಾನು ಅಧ್ಯಕ್ಷನಾಗಿದ್ದಾಗ ಸಭೆಗೆ ಬರುತ್ತಿದ್ದವರು ಐದು ಜನ, ಅದರಲ್ಲಿ ಮೂವರು ಸಹಿ ಹಾಕಿ ಹೋಗಲು. ಕೂಲಿ ಬಿಟ್ಟು ಬರಲಾಗುವುದಿಲ್ಲ ಎಂಬುದು ಗೊತ್ತು. ಆದರೆ ಸ್ಲ್ಯಾಬ್ ಹಾಕುವ ದಿನವಾದರೂ ಒಬ್ಬರು ನಿಂತು ನೋಡಿ. ನಮ್ಮ ಎರಡನೇ ಕೋಣೆಯ ಐದನೇ ದಿನ ಊರವರು ಹತ್ತು ಜನ ಬಂದು ಟ್ಯಾಂಕರ್ ಎಲ್ಲಿ ಎಂದು ಕೇಳಿದ್ದರೆ ಟ್ಯಾಂಕರ್ ಬರುತ್ತಿತ್ತು.

ಕೊನೆಗೆ, ದುಡ್ಡೇ ಬೇಡದ ಒಂದು ಕೆಲಸ. ಸರ್ಕಾರಿ ಕಟ್ಟಡದ ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದು ಒಂದು ಇರುತ್ತದೆ. ಆ ಅವಧಿಯೊಳಗೆ ಸೋರಿದರೆ, ಬಿರಿದರೆ ಕಟ್ಟಿದವರೇ ತಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು, ಅದಕ್ಕೇ ಅವರ ಠೇವಣಿ ಹಿಡಿದಿಟ್ಟಿರುತ್ತಾರೆ. ನಾನು ಗೌಂಡಿಯಾಗಿದ್ದೂ ಅಧ್ಯಕ್ಷನಾಗಿದ್ದೂ ಇದು ನನಗೆ ತಿಳಿದದ್ದು ನಮ್ಮ ಕೋಣೆಯ ಅವಧಿ ಮುಗಿದ ಮೇಲೆ. ಉದ್ಘಾಟನೆಯ ಕಲ್ಲಿನ ಮೇಲೆ ಹದಿನಾಲ್ಕು ಹೆಸರಿವೆ, ಈ ಒಂದು ತಾರೀಖು ಇಲ್ಲ. ಪ್ರತಿ ಹೊಸ ಕೋಣೆಯ ಬಾಗಿಲ ಪಕ್ಕ ನಾಲ್ಕೇ ಸಾಲು ಬರೆಸಿ: ಎಷ್ಟು ದುಡ್ಡು, ಕಟ್ಟಿದವರು ಯಾರು, ಯಾವ ತಾರೀಖಿನವರೆಗೆ ಅವರ ಹೊಣೆ, ಸೋರಿದರೆ ಯಾವ ನಂಬರಿಗೆ ಫೋನು.

ಈಗ ನಮ್ಮ ಸಾಲಿಗೆ ಮತ್ತೊಂದು ಕೋಣೆ ಬರುತ್ತಿದೆ. ಆ ನಾಲ್ಕು ಸಾಲು ನಾನೇ ಬರೆಯುತ್ತೇನೆ ಎಂದು ಹೆಡ್ ಮಾಸ್ತರರಿಗೆ ಹೇಳಿದೆ. ಅವರು ಆ ಕಡೆ ಈ ಕಡೆ ನೋಡಿ, “ಮ್ಯಾಲಿನವರು ಯಾರ ಕೇಳಿ ಬರದ್ರಿ ಅಂದ್ರ ನಾ ಏನ ಹೇಳ್ಲಿ?” ಅಂದರು. ಅವರ ಭಯ ಸುಳ್ಳಲ್ಲ. ಅದಕ್ಕೇ ಈ ಕಾಗದ. ಒಂದು ಪುಟದ ಸುತ್ತೋಲೆ ಕಳಿಸಿ. ಬಣ್ಣದ ಡಬ್ಬಿ, ಕುಂಚ ನನ್ನ ಮನೆಯಲ್ಲೇ ಇವೆ. ಬಣ್ಣ ಯಾವುದಿರಬೇಕು ಎಂದು ನೀವೇ ಹೇಳಿ, ನನ್ನ ತಕರಾರಿಲ್ಲ.

ಇಂತಿ,
ಒಬ್ಬ ಗೌಂಡಿ, ಮಾಜಿ ಎಸ್‌ಡಿಎಂಸಿ ಅಧ್ಯಕ್ಷ
ಕಲಬುರಗಿ ಜಿಲ್ಲೆ